ಟೈನಿಎಂಸಿಇ ಟೂಲ್‌ಬಾರ್‌ನ ಹೆಲ್ಪ್ ಡೈಲಾಗನ್ನು ಬದಲಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಾಲತಾಣಗಳಲ್ಲಿ ಪಠ್ಯ ಬರೆಯಲು ಬಳಸುವ ಟೈನಿಎಂಸಿಇ ಎಡಿಟರ್‌ನ ಟೂಲ್‌ಬಾರ್‌ನಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯ ಗುಂಡಿ ಒತ್ತಿದರೆ ಹೆಲ್ಪ್ ಡೈಲಾಗ್ ತೆರೆದುಕೊಳ್ಳುತ್ತದೆ. ಹೆಚ್ಚಿನ ಸೈಟುಗಳಲ್ಲಿ ಅದು ಬಂದಂತೆಯೇ ಇರುತ್ತದೆ. ಬರೆಯಲು ಕೂತವರಿಗೆ ಬೇಕಾಗುವುದು ಅದರಲ್ಲಿ ಅರ್ಧದಷ್ಟೂ ಇಲ್ಲ, ಬೇಡವಾದದ್ದು ಮಾತ್ರ ಸಾಕಷ್ಟಿದೆ. ಈ ಪುಟ ಡೆವಲಪರ್‌ಗಳಿಗಾಗಿ. ಉತ್ತರಗಳು 5, 6, 7ನೇ ಸರಣಿಗಳಿಗೆ ಹೊಂದುತ್ತವೆ, ವ್ಯತ್ಯಾಸ ಇದ್ದಲ್ಲಿ ಹೇಳಿದ್ದೇವೆ. ಆಯ್ಕೆಗಳ ಹೆಸರನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಕೋಡಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು, ನಡುವಿನ ಅಡಿಗೆರೆ ಇದ್ದಲ್ಲೇ ಇರಬೇಕು.

ಹೆಲ್ಪ್ ಗುಂಡಿಯೇ ಕಾಣುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಎರಡು ಕಡೆ ಹೆಸರು ಬೇಕು: ಪ್ಲಗಿನ್ಸ್ (ಎಡಿಟರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳು) ಪಟ್ಟಿಯಲ್ಲಿ "ಹೆಲ್ಪ್", ಟೂಲ್‌ಬಾರ್ ಸಾಲಿನಲ್ಲಿ "ಹೆಲ್ಪ್". ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಬರೆದರೆ ಗುಂಡಿ ಬರುವುದಿಲ್ಲ, ದೋಷದ ಕಿಟಕಿಯೂ ಎದುರಿಗೆ ಬಂದು ನಿಲ್ಲುವುದಿಲ್ಲ. ಮೆನುಬಾರ್‌ನ ಹೆಲ್ಪ್ ಮೆನುವಿಗೂ ಇದೇ ಮಾತು. ಪ್ಲಗಿನ್ ಇಲ್ಲದಿದ್ದರೆ ಒಳಗೆ ಐಟಂ ಇರುವುದಿಲ್ಲ, ಖಾಲಿ ಮೆನುವನ್ನು ಎಡಿಟರ್ ತೋರಿಸುವುದಿಲ್ಲ.

ಎರಡೂ ಸರಿಯಿದ್ದು ಗುಂಡಿ ಕಾಣದಿದ್ದರೆ ಟೂಲ್‌ಬಾರ್‌ನ ತುದಿಯ ಮೂರು ಚುಕ್ಕಿ ಒತ್ತಿ ನೋಡಿ. ಜಾಗ ಸಾಲದಾದಾಗ ಕೊನೆಯ ಗುಂಡಿಗಳು ಅದರ ಹಿಂದೆ ಸೇರಿಕೊಳ್ಳುತ್ತವೆ, ಮತ್ತು ಎಲ್ಲರೂ ಹೆಲ್ಪ್ ಇಡುವುದು ಸಾಲಿನ ಕೊನೆಗೇ. ಹೊಸಬರು ಹೆಚ್ಚಿರುವ ಸೈಟಾದರೆ ಅನ್‌ಡೂ, ರೀಡೂ ಪಕ್ಕದಲ್ಲೇ ಇಡುವುದು ಮೇಲು.

ಮೂಲದಲ್ಲಿ ಯಾವ ಟ್ಯಾಬ್‌ಗಳಿರುತ್ತವೆ? ಯಾವುದನ್ನು ತೆಗೆಯಬಹುದು?

ನಾಲ್ಕು. ಒಳಹೆಸರುಗಳು ಶಾರ್ಟ್‌ಕಟ್ಸ್, ಕೀಬೋರ್ಡ್‌ನಾವ್, ಪ್ಲಗಿನ್ಸ್, ವರ್ಶನ್ಸ್. ಪರದೆಯ ಮೇಲೆ ಕಾಣುವ ಶೀರ್ಷಿಕೆ ಬೇರೆ, ಕಾನ್ಫಿಗರೇಶನ್‌ನಲ್ಲಿ ಬಳಸಬೇಕಾದದ್ದು ಈ ಒಳಹೆಸರು. ಇವೆರಡನ್ನು ಕಲಸಿಕೊಂಡು ಅರ್ಧ ದಿನ ಕಳೆಯುವವರು ಬಹಳ.

ನಮ್ಮ ಸಲಹೆ: ಮೊದಲ ಎರಡನ್ನು ಇಟ್ಟುಕೊಳ್ಳಿ, ಕೊನೆಯ ಎರಡನ್ನು ತೆಗೆಯಿರಿ. ಪ್ಲಗಿನ್ಸ್ ಟ್ಯಾಬ್‌ನಲ್ಲಿ ಹಾಕಿಕೊಂಡಿರುವ ಪ್ಲಗಿನ್‌ಗಳ ಪಟ್ಟಿಯ ಜೊತೆಗೆ ಹಣ ಕೊಟ್ಟು ಪಡೆಯಬೇಕಾದ ಪ್ರೀಮಿಯಂ ಪ್ಲಗಿನ್‌ಗಳ ಪಟ್ಟಿಯೂ ಬರುತ್ತದೆ. ಶಾಲೆಯ ಜಾಲತಾಣದಲ್ಲಿ ಸುತ್ತೋಲೆ ಟೈಪ್ ಮಾಡುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಪ್ರೊಮೋಷನ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಹೋಗುವುದು ಮೇಲಿನ ಅಪ್‌ಗ್ರೇಡ್ ಗುಂಡಿ ಮಾತ್ರ, ಈ ಪಟ್ಟಿ ಹೋಗಬೇಕಾದರೆ ಟ್ಯಾಬನ್ನೇ ತೆಗೆಯಬೇಕು.

ಕೀಬೋರ್ಡ್‌ನಾವ್ ಟ್ಯಾಬ್ "ಯಾರೂ ಓದುವುದಿಲ್ಲ" ಎಂದು ತೆಗೆಯುವವರಿದ್ದಾರೆ. ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಟೂಲ್‌ಬಾರ್ ತಲುಪುವುದು ಹೇಗೆಂದು ವಿವರವಾಗಿ ಹೇಳುವ ಜಾಗ ಅದು. ದಯವಿಟ್ಟು ಬಿಡಿ.

ಟ್ಯಾಬ್ ತೆಗೆಯುವುದು, ಕ್ರಮ ಬದಲಿಸುವುದು ಹೇಗೆ?

ಎಡಿಟರ್ ಶುರು ಮಾಡುವಾಗ ಕೊಡುವ ಇನಿಟ್ ಕಾನ್ಫಿಗರೇಶನ್‌ನಲ್ಲಿ ಹೆಲ್ಪ್_ಟ್ಯಾಬ್ಸ್ ಎಂಬ ಆಯ್ಕೆ ಕೊಡಿ. ಅದರ ಬೆಲೆ ಒಂದು ಅರೇ, ಅಂದರೆ ಪಟ್ಟಿ. ಅರೇಯಲ್ಲಿ ಬರೆದ ಟ್ಯಾಬ್‌ಗಳು ಮಾತ್ರ ಬರುತ್ತವೆ, ಬರೆದ ಕ್ರಮದಲ್ಲೇ ಬರುತ್ತವೆ. ಶಾರ್ಟ್‌ಕಟ್ಸ್, ಕೀಬೋರ್ಡ್‌ನಾವ್ ಎಂಬ ಎರಡು ಸ್ಟ್ರಿಂಗ್ ಇಟ್ಟರೆ ಉಳಿದೆರಡು ಮಾಯ. "ಇದನ್ನು ಮಾತ್ರ ತೆಗೆ" ಎಂದು ಹೇಳುವ ಬೇರೆ ಆಯ್ಕೆ ಇಲ್ಲ, ಬೇಕಾದವನ್ನೆಲ್ಲ ಬರೆಯಬೇಕು.

ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಎಡಿಟರ್ ಸದ್ದಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ವರ್ಶನ್ಸ್ ಎಂಬುದರ ಕೊನೆಯ ಬಹುವಚನದ ಅಕ್ಷರ ಮರೆಯುವುದು ಸಾಮಾನ್ಯ ತಪ್ಪು.

ನಮ್ಮದೇ ಟ್ಯಾಬ್ ಸೇರಿಸಬೇಕು. ಹೇಗೆ?

ಮೇಲಿನ ಅರೇಯಲ್ಲೇ ಸ್ಟ್ರಿಂಗ್ ಬದಲು ಒಂದು ಆಬ್ಜೆಕ್ಟ್ ಇಡಿ. ಅದಕ್ಕೆ ಮೂರು ಭಾಗ: ನೇಮ್ ಅಂದರೆ ಒಳಹೆಸರು, ಟೈಟಲ್ ಅಂದರೆ ಪರದೆಯ ಮೇಲೆ ಕಾಣುವ ಶೀರ್ಷಿಕೆ, ಐಟಮ್ಸ್ ಅಂದರೆ ಒಳಗೇನಿರಬೇಕು ಎಂಬ ಅರೇ. ಸರಳವಾದ ಐಟಂ ಎಂದರೆ ಟೈಪ್ ಎಂಬುದಕ್ಕೆ ಎಚ್‌ಟಿಎಂಎಲ್‌ಪ್ಯಾನೆಲ್, ಎಚ್‌ಟಿಎಂಎಲ್ ಎಂಬುದಕ್ಕೆ ನಿಮ್ಮ ಮಾರ್ಕಪ್.

ನೇಮ್ ಕೊಡದಿದ್ದರೆ ಎಡಿಟರ್ ತಾನೇ ಒಂದು ಹೆಸರು ಹುಟ್ಟಿಸಿಕೊಳ್ಳುತ್ತದೆ. ಆಗ ಬೇರೆ ಕಡೆಯಿಂದ ಆ ಟ್ಯಾಬನ್ನು ಹೆಸರು ಹಿಡಿದು ಕರೆಯಲಾಗದು. ಆದ್ದರಿಂದ ಕೊಡುವುದೇ ಒಳ್ಳೆಯದು.

ಶಾರ್ಟ್‌ಕಟ್‌ಗಳಂಥ ಎರಡು ಕಂಬದ ವಿಷಯಕ್ಕೆ ಎಚ್‌ಟಿಎಂಎಲ್ ಟೇಬಲ್ ಕಟ್ಟುತ್ತ ಕೂರಬೇಡಿ. ಡೈಲಾಗ್‌ಗೆ ಟೇಬಲ್ ಎಂಬ ಐಟಂ ಬಗೆಯೇ ಇದೆ: ಹೆಡರ್‌ಗೆ ಕಂಬಗಳ ತಲೆಬರಹದ ಅರೇ, ಸೆಲ್ಸ್‌ಗೆ ಸಾಲುಗಳ ಅರೇ. ಮೂಲ ಶಾರ್ಟ್‌ಕಟ್ಸ್ ಟ್ಯಾಬ್ ಕೂಡ ಇದನ್ನೇ ಬಳಸುತ್ತದೆ, ಹಾಗಾಗಿ ನಿಮ್ಮದೂ ಅದರಂತೆಯೇ ಕಾಣುತ್ತದೆ. ಎಚ್‌ಟಿಎಂಎಲ್‌ಪ್ಯಾನೆಲ್‌ನೊಳಗೆ ಟೇಬಲ್ ಬರೆದರೆ ಎಡಿಟರ್‌ನ ಹೊರನೋಟ ನಿರ್ಧರಿಸುವ ಸ್ಕಿನ್‌ನ ಸಿಎಸ್ಎಸ್ ಗೆರೆ, ಅಂಚಿನ ಜಾಗ ಎಲ್ಲವನ್ನೂ ಸೊನ್ನೆ ಮಾಡಿರುವುದರಿಂದ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತೆ ಬರುತ್ತವೆ.

ಆ್ಯಡ್‌ಟ್ಯಾಬ್ ಎಂಬ ಫಂಕ್ಷನ್ ಕೂಡ ಇದೆಯಲ್ಲ. ಯಾವಾಗ ಅದು, ಯಾವಾಗ ಇದು?

ಟ್ಯಾಬ್‌ನ ವಿಷಯ ಮೊದಲೇ ಗೊತ್ತಿದ್ದರೆ ಹೆಲ್ಪ್_ಟ್ಯಾಬ್ಸ್ ಸಾಕು. ನೀವು ಬರೆದ ಪ್ಲಗಿನ್ ತನ್ನ ಹೆಲ್ಪನ್ನು ತಾನೇ ಹೊತ್ತು ತರಬೇಕಾದರೆ, ಅಥವಾ ವಿಷಯ ಸರ್ವರ್‌ನಿಂದ ಬರಬೇಕಾದರೆ ಆ್ಯಡ್‌ಟ್ಯಾಬ್. ಅದನ್ನು ಕರೆಯುವುದು ಎಡಿಟರ್.ಪ್ಲಗಿನ್ಸ್.ಹೆಲ್ಪ್ ಮೂಲಕ, ಕೊಡಬೇಕಾದದ್ದು ಮೇಲಿನಂಥದೇ ಆಬ್ಜೆಕ್ಟ್.

ಕರೆಯುವ ಹೊತ್ತು ಮುಖ್ಯ. ಸೆಟಪ್ ಫಂಕ್ಷನ್ ಓಡುವಾಗ ಪ್ಲಗಿನ್‌ಗಳು ಇನ್ನೂ ಹುಟ್ಟಿರುವುದಿಲ್ಲ. ಅಲ್ಲಿ ನೇರವಾಗಿ ಕರೆದರೆ ಕನ್ಸೋಲ್‌ನಲ್ಲಿ "ಅನ್‌ಡಿಫೈನ್ಡ್" ದೂರು ಬರುತ್ತದೆ. ಸೆಟಪ್ ಒಳಗೆ ಇನಿಟ್ ಈವೆಂಟಿಗೆ ಕಾದು, ಅದರ ಹ್ಯಾಂಡ್ಲರ್‌ನಲ್ಲಿ ಕರೆಯಿರಿ. ಆಮೇಲೆ ಎಷ್ಟು ಹೊತ್ತಿಗೆ ಕರೆದರೂ ನಡೆಯುತ್ತದೆ, ಏಕೆಂದರೆ ಡೈಲಾಗ್ ತೆರೆದಾಗಲೆಲ್ಲ ಟ್ಯಾಬ್ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಆದರೆ ಆಗಲೇ ತೆರೆದಿರುವ ಡೈಲಾಗ್ ಬದಲಾಗದು.

ಪುಟದಲ್ಲಿ ಮೂರು ಎಡಿಟರ್‌ಗಳಿದ್ದರೆ ಮೂರಕ್ಕೂ ಬೇರೆ ಬೇರೆ ಕರೆಯಬೇಕು. ಒಂದಕ್ಕೆ ಸೇರಿಸಿದ ಟ್ಯಾಬ್ ಇನ್ನೊಂದಕ್ಕೆ ಹೋಗುವುದಿಲ್ಲ.

ಆ್ಯಡ್‌ಟ್ಯಾಬ್ ದೋಷವಿಲ್ಲದೆ ಓಡಿತು, ಟ್ಯಾಬ್ ಮಾತ್ರ ಬರಲಿಲ್ಲ!

ಬಹುಪಾಲು ಹೆಲ್ಪ್_ಟ್ಯಾಬ್ಸ್ ಕೂಡ ಬರೆದಿದ್ದೀರಿ. ಆ ಆಯ್ಕೆ ಇದ್ದಾಗ ಅದರ ಅರೇಯೇ ಅಂತಿಮ. ಆ್ಯಡ್‌ಟ್ಯಾಬ್‌ನಿಂದ ಬಂದ ಟ್ಯಾಬ್‌ನ ನೇಮ್ ಅನ್ನು ಆ ಅರೇಯಲ್ಲಿ ಸ್ಟ್ರಿಂಗ್ ಆಗಿ ಬರೆದರೆ ಅದು ಆ ಜಾಗದಲ್ಲಿ ಬಂದು ಕೂರುತ್ತದೆ. ಬರೆಯದಿದ್ದರೆ ಇಲ್ಲ. ಟ್ಯಾಬ್ ಇನ್ನೂ ಬಂದಿಲ್ಲದಿದ್ದರೂ ಹೆಸರನ್ನು ಮೊದಲೇ ಬರೆದಿಡಬಹುದು, ತೊಂದರೆಯಿಲ್ಲ.

ಹೆಲ್ಪ್_ಟ್ಯಾಬ್ಸ್ ಬರೆಯದೇ ಇದ್ದರೆ ಸೇರಿಸಿದ್ದೆಲ್ಲ ತಾನಾಗಿ ಬರುತ್ತದೆ, ವರ್ಶನ್ಸ್ ಟ್ಯಾಬ್ ಮಾತ್ರ ಯಾವಾಗಲೂ ಕೊನೆಗೆ ಹೋಗುತ್ತದೆ. ಇನ್ನೊಂದು ಉಪಯೋಗ: ಶಾರ್ಟ್‌ಕಟ್ಸ್ ಎಂಬ ಒಳಹೆಸರನ್ನೇ ಕೊಟ್ಟು ಆ್ಯಡ್‌ಟ್ಯಾಬ್ ಕರೆದರೆ ಮೂಲ ಟ್ಯಾಬ್ ಹೋಗಿ ನಿಮ್ಮದು ಅದರ ಜಾಗಕ್ಕೆ ಬರುತ್ತದೆ.

ನಾವು ಸೇರಿಸಿದ ಶಾರ್ಟ್‌ಕಟ್ ಕೀಲಿಗಳು ಶಾರ್ಟ್‌ಕಟ್ಸ್ ಟ್ಯಾಬ್‌ನಲ್ಲಿ ಏಕೆ ಇಲ್ಲ?

ಆ ಪಟ್ಟಿಯನ್ನು ಪ್ಲಗಿನ್ ಒಳಗೇ ಗಟ್ಟಿಯಾಗಿ ಬರೆದಿಟ್ಟಿದ್ದಾರೆ. ಎಡಿಟರ್.ಶಾರ್ಟ್‌ಕಟ್ಸ್.ಆ್ಯಡ್‌ಗೆ ನೀವು ಕೊಟ್ಟ ವಿವರಣೆ ಅಲ್ಲಿಗೆ ಹೋಗುವುದಿಲ್ಲ. ಅದೇ ಕಾರಣಕ್ಕೆ ಲಿಂಕ್, ಸೇವ್, ಹುಡುಕಾಟದ ಕೀಲಿಗಳು ಆ ಪ್ಲಗಿನ್‌ಗಳು ಇಲ್ಲದಿದ್ದರೂ "ಪ್ಲಗಿನ್ ಇದ್ದರೆ ಮಾತ್ರ" ಎಂಬ ಟಿಪ್ಪಣಿಯೊಡನೆ ಪಟ್ಟಿಯಲ್ಲಿರುತ್ತವೆ. ನಿಜಕ್ಕೂ ಕೆಲಸ ಮಾಡುವ ಕೀಲಿಗಳನ್ನಷ್ಟೇ ತೋರಿಸಬೇಕೆಂದರೆ ಮೇಲೆ ಹೇಳಿದಂತೆ ಟೇಬಲ್ ಐಟಂ ಇರುವ ನಿಮ್ಮ ಟ್ಯಾಬನ್ನು ಅದರ ಜಾಗಕ್ಕೆ ತನ್ನಿ. ಹತ್ತು ಹನ್ನೆರಡು ಸಾಲು ಸಾಕು. ಅದಕ್ಕಿಂತ ಉದ್ದದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಡೈಲಾಗ್ ತೆರೆಯುವುದೇ ಇಲ್ಲ.

ವೆಬ್‌ಪ್ಯಾಕ್, ವೀಟ್ ಮುಂತಾದವುಗಳಿಂದ ಬಂಡಲ್ ಮಾಡಿದ, ಅಂದರೆ ಕೋಡನ್ನೆಲ್ಲ ಒಟ್ಟುಗೂಡಿಸಿದ ಸೈಟುಗಳಲ್ಲಿ ಇದು ಬಹಳ. ಬ್ರೌಸರ್‌ನ ನೆಟ್‌ವರ್ಕ್ ಫಲಕ ತೆರೆದು ನೋಡಿ: ಹೆಲ್ಪ್ ಪ್ಲಗಿನ್‌ನ ಫೋಲ್ಡರಿನೊಳಗಿನ ಕೀನಾವ್ ಫೋಲ್ಡರಿನಿಂದ ಒಂದು ಜಾವಾಸ್ಕ್ರಿಪ್ಟ್ ಫೈಲನ್ನು ಕೇಳಿ 404, ಅಂದರೆ ಫೈಲ್ ಸಿಗಲಿಲ್ಲ ಎಂಬ ಉತ್ತರ ಪಡೆದಿರುತ್ತದೆ.

ಕಾರಣ ಇದು. 6ನೇ ಸರಣಿಯ ನಡುವಿನಿಂದ ಕೀಬೋರ್ಡ್‌ನಾವ್ ಟ್ಯಾಬ್‌ನ ಪಠ್ಯ ಪ್ಲಗಿನ್ ಒಳಗಿಲ್ಲ, ಭಾಷೆಗೊಂದರಂತೆ ಬೇರೆ ಫೈಲುಗಳಲ್ಲಿದೆ. ಪ್ಲಗಿನ್ ಮೊದಲು ಎಡಿಟರ್‌ನ ಭಾಷೆಯ ಫೈಲ್ ಕೇಳುತ್ತದೆ, ಸಿಗದಿದ್ದರೆ ಇಂಗ್ಲಿಷಿನದನ್ನು ಕೇಳುತ್ತದೆ. ಅದೂ ಸಿಗದಿದ್ದರೆ ಪ್ರಾಮಿಸ್ ಮುರಿದು ಡೈಲಾಗ್ ತೆರೆಯುವ ಸಾಲಿಗೆ ಕೋಡ್ ತಲುಪುವುದೇ ಇಲ್ಲ. ಹೆಲ್ಪ್_ಟ್ಯಾಬ್ಸ್‌ನಿಂದ ಕೀಬೋರ್ಡ್‌ನಾವ್ ತೆಗೆದರೂ ಇದು ತಪ್ಪದು, ಏಕೆಂದರೆ ಮೂಲದ ನಾಲ್ಕೂ ಟ್ಯಾಬ್‌ಗಳನ್ನು ಮೊದಲು ಕಟ್ಟಿಕೊಂಡು ಆಮೇಲೆ ಪಟ್ಟಿಗೆ ತಕ್ಕಂತೆ ಸೋಸುತ್ತಾರೆ.

ಪರಿಹಾರ ಎರಡು. ಬಂಡಲ್‌ಗೆ ಆ ಇಂಗ್ಲಿಷ್ ಕೀನಾವ್ ಫೈಲನ್ನೂ ಹೆಲ್ಪ್ ಪ್ಲಗಿನ್ ಜೊತೆಗೆ ಇಂಪೋರ್ಟ್ ಮಾಡಿ. ಇಲ್ಲವೇ ಇಡೀ ಟೈನಿಎಂಸಿಇ ಫೋಲ್ಡರನ್ನು ಪಬ್ಲಿಕ್ ಫೋಲ್ಡರಿಗೆ ನಕಲು ಮಾಡಿ ಅಲ್ಲಿಂದಲೇ ಲೋಡ್ ಮಾಡಿ. ಮೊದಲನೆಯದು ಒಂದು ಸಾಲಿನ ಕೆಲಸ.

ಡೈಲಾಗ್ ಕನ್ನಡದಲ್ಲೇ ಬರಬೇಕು. ಏನೇನು ಮಾಡಬೇಕು?

ಮೂರು ಪದರಗಳಿವೆ, ಮೂರಕ್ಕೂ ಬೇರೆ ಬೇರೆ ಕೆಲಸ.

ಮೊದಲನೆಯದು ಗುಂಡಿ, ಟ್ಯಾಬ್‌ಗಳ ಶೀರ್ಷಿಕೆ, ಮುಚ್ಚುವ ಗುಂಡಿ ಇತ್ಯಾದಿ. ಇವು ಭಾಷಾ ಫೈಲಿನಿಂದ ಬರುತ್ತವೆ. ಟೈನಿಎಂಸಿಇ.ಆ್ಯಡ್‌ಐ18ಎನ್ ಫಂಕ್ಷನ್‌ಗೆ ಮೊದಲು ಭಾಷಾ ಸಂಕೇತ, ಕನ್ನಡಕ್ಕೆ "ಕೆಎನ್", ಆಮೇಲೆ ಇಂಗ್ಲಿಷ್ ಪಠ್ಯ ಕೀಲಿಯಾಗಿ, ಕನ್ನಡ ಪಠ್ಯ ಬೆಲೆಯಾಗಿ ಇರುವ ಆಬ್ಜೆಕ್ಟ್ ಕೊಡಿ. ಇನಿಟ್‌ನಲ್ಲಿ ಲ್ಯಾಂಗ್ವೇಜ್ ಆಯ್ಕೆಗೆ ಅದೇ ಸಂಕೇತ, ಫೈಲ್ ಬೇರೆ ಜಾಗದಲ್ಲಿದ್ದರೆ ಲ್ಯಾಂಗ್ವೇಜ್_ಯುಆರ್‌ಎಲ್‌ಗೆ ಅದರ ದಾರಿ. ಫೈಲನ್ನು ಯುಟಿಎಫ್-8ರಲ್ಲೇ ಉಳಿಸಿ. ನೀವು ಕೊಟ್ಟ ಟ್ಯಾಬ್ ಶೀರ್ಷಿಕೆಯೂ ಈ ಅನುವಾದದ ಮೂಲಕವೇ ಹಾದುಹೋಗುತ್ತದೆ, ಆದ್ದರಿಂದ ಎರಡು ಭಾಷೆಯ ಸೈಟಾದರೆ ಶೀರ್ಷಿಕೆಯನ್ನು ಇಂಗ್ಲಿಷಿನಲ್ಲಿಟ್ಟು ಭಾಷಾ ಫೈಲಿಗೆ ಒಂದು ಸಾಲು ಸೇರಿಸಿದರಾಯಿತು.

ಎರಡನೆಯದು ಎಚ್‌ಟಿಎಂಎಲ್‌ಪ್ಯಾನೆಲ್ ಒಳಗಿನ ಬರಹ. ಅದು ಇದ್ದ ಹಾಗೇ ಬರುತ್ತದೆ. ಅನುವಾದ ಬೇಕಿದ್ದರೆ ಎಡಿಟರ್.ಟ್ರಾನ್ಸ್‌ಲೇಟ್ ಮೂಲಕ ನೀವೇ ಹಾಯಿಸಿ ಕೊಡಬೇಕು.

ಮೂರನೆಯದು ಆಗಲೇ ಹೇಳಿದ ಕೀನಾವ್ ಫೈಲ್. ಇಂಗ್ಲಿಷಿನ ಫೈಲನ್ನು ತೆರೆಯಿರಿ. ಅದು ಒಂದೇ ಒಂದು ರಿಸೋರ್ಸ್.ಆ್ಯಡ್ ಕರೆ: ಮೊದಲು ಉದ್ದನೆಯ ಗುರುತಿನ ಹೆಸರು, ಆಮೇಲೆ ಎಚ್‌ಟಿಎಂಎಲ್. ಹೆಸರಿನ ಕೊನೆಯ ಎರಡಕ್ಷರವನ್ನು ಕನ್ನಡದ ಸಂಕೇತಕ್ಕೆ ಬದಲಿಸಿ, ಎಚ್‌ಟಿಎಂಎಲ್ ಅನುವಾದಿಸಿ, ಅದೇ ಫೋಲ್ಡರಿನಲ್ಲಿ ಕನ್ನಡ ಸಂಕೇತದ ಹೆಸರಿನಿಂದ ಉಳಿಸಿ. ಇದನ್ನು ಮಾಡದಿದ್ದರೂ ಇಂಗ್ಲಿಷ್ ಪಠ್ಯದೊಡನೆ ಡೈಲಾಗ್ ತೆರೆಯುತ್ತದೆ, ಕನ್ಸೋಲ್‌ನಲ್ಲಿ ಒಂದು 404 ಉಳಿಯುತ್ತದೆ ಅಷ್ಟೆ.

ಅನುವಾದದಲ್ಲಿ ಕೀಲಿಗಳ ಹೆಸರನ್ನು ಕನ್ನಡೀಕರಿಸಲು ಹೋಗಬೇಡಿ. ಕೀಬೋರ್ಡಿನ ಮೇಲೆ ಅಚ್ಚಾಗಿರುವುದು ಆಲ್ಟ್, ಶಿಫ್ಟ್ ಎಂದೇ.

ಕನ್ನಡ ಸೈಟಿನ ಹೆಲ್ಪ್ ಟ್ಯಾಬ್‌ನಲ್ಲಿ ಏನಿರಬೇಕು?

ಬರೆಯುವವರು ನಿಜವಾಗಿ ಎಡವುವ ಜಾಗಗಳು. ನಮ್ಮಲ್ಲಿ ಮೊದಲನೆಯದು ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳಿಂದ ಅಂಟಿಸುವುದು. ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದ ಪಠ್ಯ ಎಡಿಟರ್‌ಗೆ ಬಂದಾಗ ಫಾಂಟ್ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣುತ್ತದೆ. "ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅಂಟಿಸಿ" ಎಂಬ ಒಂದು ಸಾಲು, ನಿಮ್ಮ ಕಚೇರಿಯಲ್ಲಿ ಬಳಸುವ ಪರಿವರ್ತಕದ ಕೊಂಡಿ, ಇಷ್ಟಿದ್ದರೆ ಅರ್ಧದಷ್ಟು ಫೋನ್ ಕರೆ ನಿಲ್ಲುತ್ತವೆ.

ಎರಡನೆಯದು ಕಾಣದ ಅಕ್ಷರಗಳು. "ಸಾಫ್ಟ್‌ವೇರ್" ಎಂದು ಬರೆಯಲು ಟ್ ಮತ್ತು ವೇ ನಡುವೆ 8204 ಸಂಖ್ಯೆಯ ಅಕ್ಷರ ಬೇಕು, ಇಲ್ಲದಿದ್ದರೆ ವ ಒತ್ತಾಗಿ ಕೆಳಗಿಳಿಯುತ್ತದೆ. "ರ‍್ಯಾಂಕ್" ಎಂಬಲ್ಲಿ ಅರ್ಕಾವತ್ತು ಬರದಂತೆ ಮಾಡಲು ರ ಮತ್ತು ವಿರಾಮದ ನಡುವೆ 8205 ಬೇಕು. ಇವನ್ನು ಚಾರ್‌ಮ್ಯಾಪ್ ಪ್ಲಗಿನ್‌ಗೆ ಚಾರ್‌ಮ್ಯಾಪ್_ಅಪೆಂಡ್ ಮೂಲಕ ಸೇರಿಸಬಹುದು, ಆದರೆ ಅಗಲವಿಲ್ಲದ ಅಕ್ಷರವಾದ್ದರಿಂದ ಅಲ್ಲಿ ಬರೀ ಖಾಲಿ ಮನೆ ಕಾಣುತ್ತದೆ. ಟೂಲ್‌ಬಾರ್‌ಗೆ ಎರಡು ಪುಟ್ಟ ಗುಂಡಿ ಸೇರಿಸಿ, ಅವು ಏನು ಮಾಡುತ್ತವೆಂದು ಹೆಲ್ಪ್ ಟ್ಯಾಬ್‌ನಲ್ಲಿ ಉದಾಹರಣೆಯೊಡನೆ ಬರೆಯುವುದು ವಾಸಿ. ಜೊತೆಗೇ ಎಂಟಿಟಿ_ಎನ್‌ಕೋಡಿಂಗ್ ಆಯ್ಕೆಯನ್ನು "ರಾ" ಮಾಡಿ. ಮೂಲದ "ನೇಮ್ಡ್" ಬಿಟ್ಟರೆ ಉಳಿಸುವಾಗ ಆ ಅಕ್ಷರಗಳು ಎಚ್‌ಟಿಎಂಎಲ್ ಎಂಟಿಟಿಗಳಾಗಿ ಬದಲಾಗುತ್ತವೆ, ಡೇಟಾಬೇಸ್‌ನಲ್ಲಿ ಪದ ಹುಡುಕಿದರೆ ಸಿಗದು.

ಉಳಿದದ್ದು ನಿಮ್ಮ ಸೈಟಿನ ನಿಯಮ: ಚಿತ್ರದ ಅಗಲ ಎಷ್ಟು, ಶೀರ್ಷಿಕೆಗೆ ಯಾವ ಹೆಡಿಂಗ್, ಕರಡು ಎಲ್ಲಿ ಉಳಿಯುತ್ತದೆ.

ಕನ್ನಡ ಅಕ್ಷರ ಡೈಲಾಗ್‌ನಲ್ಲಿ ಚಿಕ್ಕದಾಗಿ, ಒತ್ತಕ್ಷರ ಸಾಲಿಗೆ ಸಾಲು ತಾಗಿಕೊಂಡು ಬರುತ್ತಿದೆ.

ಕಂಟೆಂಟ್_ಸಿಎಸ್ಎಸ್ ಫೈಲಿನಲ್ಲಿ ಎಷ್ಟು ತಿದ್ದಿದರೂ ಇದು ಸರಿಹೋಗದು. ಆ ಫೈಲ್ ಬರೆಯುವ ಜಾಗದ ಐಫ್ರೇಮ್‌ಗೆ ಮಾತ್ರ. ಡೈಲಾಗ್ ಇರುವುದು ಐಫ್ರೇಮ್‌ನ ಹೊರಗೆ, ನಿಮ್ಮ ಪುಟದ ಬಾಡಿ ಕೊನೆಯಲ್ಲಿ ಎಡಿಟರ್ ಸೇರಿಸುವ ಬೇರೊಂದು ಡಿವ್‌ನಲ್ಲಿ. ಹಾಗಾಗಿ ಪುಟದ ಸ್ಟೈಲ್‌ಶೀಟ್‌ನಲ್ಲಿ ಬರೆಯಬೇಕು.

ಸುಲಭ ದಾರಿ: ನಿಮ್ಮ ಎಚ್‌ಟಿಎಂಎಲ್ ಅನ್ನು ಸ್ವಂತ ಕ್ಲಾಸ್ ಇರುವ ಒಂದು ಡಿವ್‌ನಲ್ಲಿ ಸುತ್ತಿ. ಸೆಲೆಕ್ಟರ್ ಅನ್ನು "ಟಾಕ್ಸ್" ಕ್ಲಾಸ್‌ನಿಂದ ಶುರು ಮಾಡಿ ನಿಮ್ಮ ಕ್ಲಾಸ್, ಅದರೊಳಗಿನ ಟ್ಯಾಗ್ ಎಂದು ಬರೆಯಿರಿ. ಇಲ್ಲದಿದ್ದರೆ ಸ್ಕಿನ್‌ನ ನಿಯಮವೇ ಗೆಲ್ಲುತ್ತದೆ. ಅಕ್ಷರ 16 ಪಿಕ್ಸೆಲ್, ಸಾಲಿನ ಎತ್ತರ 1.6 ಇಟ್ಟರೆ "ಲಕ್ಷ್ಮೀ", "ಸ್ತ್ರೀ" ಮುಂತಾದ ಪದಗಳು ಕೆಳಗಿನ ಸಾಲಿಗೆ ತಾಗುವುದಿಲ್ಲ. ಫಾಂಟ್ ಸಾಲಿನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ವಿಂಡೋಸ್‌ಗಾಗಿ ನಿರ್ಮಲಾ ಯುಐ ಇಡಿ. ಟ್ಯಾಬ್ ಶೀರ್ಷಿಕೆ ಒಂದೆರಡು ಪದದಲ್ಲಿ ಮುಗಿಯಲಿ. ಮೊಬೈಲ್ ಪರದೆಯಲ್ಲಿ ಎಡಬದಿಯ ಟ್ಯಾಬ್‌ಗಳು ಮೇಲಕ್ಕೆ ಬಂದು ಅಡ್ಡಲಾಗಿ ನಿಲ್ಲುತ್ತವೆ, ಉದ್ದದ ಶೀರ್ಷಿಕೆಗೆ ಅಲ್ಲಿ ಜಾಗವಿಲ್ಲ.

ಡೈಲಾಗ್‌ನ ಅಗಲ ಹೆಚ್ಚಿಸಬಹುದೇ?

ಆಯ್ಕೆಯ ಮೂಲಕ ಆಗದು. ಹೆಲ್ಪ್ ಡೈಲಾಗ್ ಯಾವಾಗಲೂ "ಮೀಡಿಯಂ" ಅಳತೆಯಲ್ಲೇ, ಅಂದರೆ ಹೆಚ್ಚೆಂದರೆ 800 ಪಿಕ್ಸೆಲ್ ಅಗಲಕ್ಕೆ ತೆರೆಯುತ್ತದೆ. 1200 ಪಿಕ್ಸೆಲ್‌ನ "ಲಾರ್ಜ್" ಬೇಕಾದರೆ ಸ್ವಂತ ಡೈಲಾಗ್ ಬರೆಯಬೇಕು. ಅಷ್ಟು ಜಾಗ ಬೇಕೆನಿಸಿದರೆ ಮೊದಲು ಬರಹ ಕಡಿಮೆ ಮಾಡಲಾಗುತ್ತದೆಯೇ ನೋಡಿ.

ಚಿಹ್ನೆಯ ಬದಲು "ಸಹಾಯ" ಎಂದು ಬರೆದ ಗುಂಡಿ ಬೇಕು.

ಸೆಟಪ್‌ನಲ್ಲಿ ಎಡಿಟರ್.ಯುಐ.ರಿಜಿಸ್ಟ್ರಿ.ಆ್ಯಡ್‌ಬಟನ್ ಕರೆದು ಹೊಸ ಹೆಸರಿನ ಗುಂಡಿ ಮಾಡಿ. ಟೆಕ್ಸ್ಟ್‌ಗೆ "ಸಹಾಯ", ಆನ್‌ಆ್ಯಕ್ಷನ್‌ನಲ್ಲಿ ಎಂಸಿಇಹೆಲ್ಪ್ ಎಂಬ ಕಮಾಂಡನ್ನು ಎಕ್ಸೆಕ್‌ಕಮಾಂಡ್ ಮೂಲಕ ಓಡಿಸಿ. ಟೂಲ್‌ಬಾರ್ ಸಾಲಿನಲ್ಲಿ ಹೆಲ್ಪ್ ತೆಗೆದು ಹೊಸ ಹೆಸರು ಬರೆಯಿರಿ, ಪ್ಲಗಿನ್ ಮಾತ್ರ ಪಟ್ಟಿಯಲ್ಲೇ ಇರಲಿ. ಚಿಹ್ನೆಯನ್ನಷ್ಟೇ ಬದಲಿಸುವುದಾದರೆ ಸೆಟಪ್‌ನಲ್ಲಿ ಆ್ಯಡ್‌ಐಕಾನ್‌ಗೆ ಹೆಲ್ಪ್ ಎಂಬ ಹೆಸರಿನಲ್ಲೇ ನಿಮ್ಮ ಎಸ್‌ವಿಜಿ ಕೊಟ್ಟರೆ ಸಾಕು.

ಆಲ್ಟ್ + 0 ಒತ್ತಿದರೆ ಹೆಲ್ಪ್ ತೆರೆಯುವುದಿಲ್ಲ ಎಂದು ಕೆಲವರು ಹೇಳುತ್ತಾರೆ.

ಕರ್ಸರ್ ಎಡಿಟರ್ ಒಳಗಿರಬೇಕು. ಕೀಬೋರ್ಡಿನ ಮೇಲಿನ ಸಾಲಿನ 0 ಒತ್ತಬೇಕು, ಬಲಬದಿಯ ಸಂಖ್ಯಾ ಫಲಕದ 0 ಆಗದು, ಅದರ ಕೀ ಕೋಡ್ ಬೇರೆ. ಮ್ಯಾಕ್‌ನಲ್ಲಿ ಆಪ್ಶನ್ + 0.

7ನೇ ಸರಣಿಯಿಂದ ಕೆಳಗಿನ ಸ್ಟೇಟಸ್‌ಬಾರ್‌ನಲ್ಲಿ ಈ ಕೀಲಿಯ ಸೂಚನೆ ಕಾಣುತ್ತದೆ. ಬೇಡವಾದರೆ ಹೆಲ್ಪ್_ಆಕ್ಸೆಸಿಬಿಲಿಟಿ ಆಯ್ಕೆಯನ್ನು ಫಾಲ್ಸ್ ಮಾಡಿ. ಹೆಲ್ಪ್ ಪ್ಲಗಿನ್ ಇಲ್ಲದಿದ್ದರೆ ಸೂಚನೆ ತಾನಾಗಿಯೇ ಬರುವುದಿಲ್ಲ.

ನಮ್ಮ ಟ್ಯಾಬ್‌ನ ಬರಹವನ್ನು ಸ್ಕ್ರೀನ್ ರೀಡರ್ ಓದುತ್ತಿಲ್ಲ.

ಎಚ್‌ಟಿಎಂಎಲ್‌ಪ್ಯಾನೆಲ್‌ಗೆ ಪ್ರೀಸೆಟ್ಸ್ ಎಂಬ ಇನ್ನೊಂದು ಭಾಗವಿದೆ. ಕೊಡದಿದ್ದರೆ "ಪ್ರೆಸೆಂಟೇಶನ್" ಎಂದು ಹಿಡಿಯುತ್ತದೆ, ಆಗ ಟ್ಯಾಬ್ ಕೀಲಿ ಒತ್ತುತ್ತ ಹೋದವರು ಆ ಫಲಕಕ್ಕೆ ನಿಲ್ಲದೆ ನೇರ ಮುಚ್ಚುವ ಗುಂಡಿಗೆ ಬಂದಿರುತ್ತಾರೆ. "ಡಾಕ್ಯುಮೆಂಟ್" ಎಂದು ಕೊಡಿ. ಮೂಲ ಕೀಬೋರ್ಡ್‌ನಾವ್ ಟ್ಯಾಬ್ ಕೂಡ ಹಾಗೇ ಇದೆ.

ಬೂಟ್‌ಸ್ಟ್ರ್ಯಾಪ್ ಮೋಡಲ್ (ಪುಟದ ಮೇಲೆ ತೆರೆಯುವ ಕಿಟಕಿ) ಒಳಗೆ ಎಡಿಟರ್ ಇದೆ. ಹೆಲ್ಪ್ ತೆರೆಯುತ್ತದೆ, ಕೀಬೋರ್ಡ್ ಅದರೊಳಗೆ ಹೋಗುವುದಿಲ್ಲ.

ಝಡ್-ಇಂಡೆಕ್ಸ್ ಹೆಚ್ಚಿಸಿ ಪ್ರಯೋಜನವಿಲ್ಲ, ಟೈನಿಎಂಸಿಇ ಡೈಲಾಗ್‌ನದು ಆಗಲೇ 1300, ಬೂಟ್‌ಸ್ಟ್ರ್ಯಾಪ್ ಮೋಡಲ್‌ಗಿಂತ ಮೇಲೆ. ತೊಂದರೆ ಫೋಕಸ್‌ನದು. ತನ್ನ ಹೊರಗೆ ಫೋಕಸ್ ಹೋದ ಕೂಡಲೇ ಮೋಡಲ್ ಅದನ್ನು ಹಿಂದಕ್ಕೆಳೆದುಕೊಳ್ಳುತ್ತದೆ, ನಮ್ಮ ಡೈಲಾಗ್ ಅದರ ಹೊರಗಿದೆ. ಡಾಕ್ಯುಮೆಂಟ್ ಮೇಲೆ ಫೋಕಸ್‌ಇನ್ ಈವೆಂಟಿಗೆ ಒಂದು ಲಿಸನರ್ ಹಾಕಿ, ಈವೆಂಟಿನ ಗುರಿ "ಟಾಕ್ಸ್-ಟೈನಿಎಂಸಿಇ" ಅಥವಾ "ಟಾಕ್ಸ್-ಟೈನಿಎಂಸಿಇ-ಆಕ್ಸ್" ಕ್ಲಾಸ್‌ನ ಒಳಗಿದ್ದರೆ ಸ್ಟಾಪ್‌ಇಮ್ಮೀಡಿಯೇಟ್‌ಪ್ರೊಪಗೇಶನ್ ಕರೆಯಿರಿ. ಬೂಟ್‌ಸ್ಟ್ರ್ಯಾಪ್‌ಗೆ ಆ ಈವೆಂಟ್ ತಲುಪುವುದಿಲ್ಲ.

ಹೆಲ್ಪ್ ಒಳಗಿನ ಕೊಂಡಿ ಒತ್ತಿದವರ ಬರಹವೆಲ್ಲ ಹೋಯಿತು.

ಕೊಂಡಿಗೆ ಹೊಸ ಟ್ಯಾಬ್‌ನಲ್ಲಿ ತೆರೆಯುವ ಟಾರ್ಗೆಟ್ ಕೊಟ್ಟಿಲ್ಲ, ಪುಟವೇ ಬದಲಾಗಿದೆ. ಹೆಲ್ಪ್ ಒಳಗಿನ ಪ್ರತಿಯೊಂದು ಕೊಂಡಿಗೂ "_ಬ್ಲ್ಯಾಂಕ್" ಟಾರ್ಗೆಟ್ ಮತ್ತು "ನೋಓಪನರ್" ಇರಲಿ. ಆಟೋಸೇವ್ ಪ್ಲಗಿನ್ ಇದ್ದರೆ ಪುಟ ಬಿಡುವ ಮುನ್ನ ಎಚ್ಚರಿಕೆ ಬರುತ್ತದೆ, ಅದನ್ನೂ ಹಾಕಿಕೊಳ್ಳಿ. ಇನ್ನೊಂದು: ಬಳಕೆದಾರರು ಬರೆದ ಪಠ್ಯವನ್ನು ಸ್ವಚ್ಛಗೊಳಿಸದೆ ಎಚ್‌ಟಿಎಂಎಲ್‌ಪ್ಯಾನೆಲ್‌ಗೆ ಎಂದೂ ಹಾಕಬೇಡಿ.

ವರ್ಡ್‌ಪ್ರೆಸ್‌ನ ಹಳೆಯ ಎಡಿಟರ್‌ನಲ್ಲಿ ಹೆಲ್ಪ್_ಟ್ಯಾಬ್ಸ್ ಕೆಲಸ ಮಾಡುತ್ತಿಲ್ಲ.

ಮಾಡುವುದೂ ಇಲ್ಲ. ಕ್ಲಾಸಿಕ್ ಎಡಿಟರ್‌ನಲ್ಲಿರುವುದು ಟೈನಿಎಂಸಿಇ 4.9, ಅಲ್ಲಿನ ಪ್ರಶ್ನಾರ್ಥಕ ಗುಂಡಿ ವರ್ಡ್‌ಪ್ರೆಸ್‌ನದೇ, ಹೆಸರು ಡಬ್ಲ್ಯುಪಿ_ಹೆಲ್ಪ್, ಕೀಲಿ ಶಿಫ್ಟ್ + ಆಲ್ಟ್ + ಎಚ್. ಎಂಸಿಇ_ಬಟನ್ಸ್_2 ಫಿಲ್ಟರ್‌ನಲ್ಲಿ ಆ ಗುಂಡಿಯನ್ನು ತೆಗೆದು, ಎಂಸಿಇ_ಎಕ್ಸ್‌ಟರ್ನಲ್_ಪ್ಲಗಿನ್ಸ್ ಫಿಲ್ಟರ್ ಮೂಲಕ ನಿಮ್ಮ ಪ್ಲಗಿನ್ ತಂದು ಹೊಸ ಗುಂಡಿ ಮಾಡಬೇಕು. ಅಲ್ಲಿ ಡೈಲಾಗ್ ಬರೆಯುವ ಬಗೆಯೂ 5ನೇ ಸರಣಿಯ ನಂತರದ್ದಕ್ಕಿಂತ ಬೇರೆ, ಈ ಪುಟದ ಉಳಿದ ಉತ್ತರಗಳನ್ನು ಅಲ್ಲಿಗೆ ಒಯ್ಯಬೇಡಿ.

ಇನ್ನೊಂದು ಎಡಿಟರ್ ಆದ ಸಿಕೆಎಡಿಟರ್ 5ರಲ್ಲಿ?

ಅಲ್ಲೂ ಆಲ್ಟ್ + 0ಕ್ಕೆ ಆಕ್ಸೆಸಿಬಿಲಿಟಿ ಹೆಲ್ಪ್ ಡೈಲಾಗ್ ತೆರೆಯುತ್ತದೆ. ಅದು ಶಾರ್ಟ್‌ಕಟ್‌ಗಳ ಪಟ್ಟಿಗಷ್ಟೇ ಇದೆ. ಎಡಿಟರ್.ಆಕ್ಸೆಸಿಬಿಲಿಟಿಯ ಆ್ಯಡ್‌ಕೀಸ್ಟ್ರೋಕ್‌ಇನ್ಫೋಸ್‌ನಿಂದ ನಿಮ್ಮ ಕೀಲಿಗಳನ್ನು ಅದಕ್ಕೆ ಸೇರಿಸಬಹುದು, ಈ ಒಂದು ವಿಷಯದಲ್ಲಿ ಅದು ಟೈನಿಎಂಸಿಇಗಿಂತ ಮುಂದಿದೆ.